ನಿವಾ ಅವರ ಘಾಟಿ ಜೀಪು

ಜಪಾನಿನ ಹೊಕ್ಕೈಡೊದ ಆ ಊರಿನಲ್ಲಿ ಹಳೆಯ ಜೀಪು ಕೊಂಡವರೆಲ್ಲ ಮೊದಲು ನಿವಾ ಅವರ ಬೈಗುಳ ತಿನ್ನಲೇಬೇಕಿತ್ತು. ಗೆಳೆಯ ತಾದೊಕೊರೊನ ಟೈರು ಅಂಗಡಿಯಲ್ಲಿ, ಒಲೆಯ ಪಕ್ಕ ಡಬ್ಬಿ ಕಾಫಿ ಹಿಡಿದು ಕೂತು, "ಗಾಡಿ ಎತ್ತರ ಮಾಡಿಸ್ತೀಯಾ? ಬೀಳೋಕೆ ಏಣಿ ಯಾಕಪ್ಪಾ! ಮೊದ್ಲು ಟೈರು. ಆಮೇಲೆ ಎಳೆಯೋಕೆ ಕೊಕ್ಕೆ, ಹಗ್ಗ. ಆಮೇಲೆ ಗಾಡಿ ಹೊಟ್ಟೆ ಕೆಳಗೊಂದು ತಗಡು. ಅಷ್ಟು ಸಾಕು" ಎನ್ನುತ್ತಿದ್ದರು. ದಿನವೂ ಮೀನು ಮಾರುಕಟ್ಟೆಯ ಕೆಲಸಕ್ಕೆ ಓಡುವ ತಮ್ಮ ಇಪ್ಪತ್ತಾರು ವರ್ಷದ ಜೀಪಿನ ಅಡಿಯಲ್ಲಿ ಮಲಗಿದಷ್ಟು ಅವರು ಹಾಸಿಗೆಯಲ್ಲಿ ಮಲಗಿರಲಿಲ್ಲ. "ಹೆಂಡ್ತಿಗಿಂತ ಗಾಡೀನೇ ಹೆಚ್ಚಾಯ್ತಾ ನಿಮಗೆ?" ಎಂದು ತಾದೊಕೊರೊ ಕೆಣಕಿದರೆ, "ಗಾಡಿ ನಿಂತ್ರೆ ಹೆಂಡ್ತಿ ಎಲ್ಲಿರ್ತಾಳೋ?" ಎನ್ನುವರು. ಅದು ನಿಜವೇ. ವಾರಕ್ಕೆ ಮೂರು ದಿನ ಹೆಂಡತಿ ಸೆತ್ಸುಯೊಳನ್ನು ಡಯಾಲಿಸಿಸ್‌ಗೆ ಕರೆದೊಯ್ಯಲು ಹಿಮದ ಘಾಟಿ ದಾಟಬೇಕಿತ್ತು. ಒಂಬತ್ತು ಚಳಿಗಾಲಗಳಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಸರ್ಕಾರಿ ವಾಹನ ತಪಾಸಣೆಯಲ್ಲಿ ಮಾರ್ಪಡಿಸಿದ ಗಾಡಿ ಪಾಸಾಗದು; ಆಗ ಮಾತ್ರ ಅಗಲದ ಟೈರು, ತಗಡು, ಕೊಕ್ಕೆ ಎಲ್ಲವನ್ನೂ ಬಿಚ್ಚಿ, ಗಾಡಿಯನ್ನು ಕಾರ್ಖಾನೆಯಿಂದ ಬಂದ ದಿನದಂತೆ ಮಾಡಿ ಒಯ್ಯುತ್ತಿದ್ದರು. ತಪಾಸಣೆ ಮುಗಿದ ಮಧ್ಯಾಹ್ನವೇ ಎಲ್ಲವೂ ಮತ್ತೆ ಸ್ವಸ್ಥಾನಕ್ಕೆ. ಈ ವರ್ಷ ಅಕ್ಟೋಬರಿನಲ್ಲಿ ಸೆತ್ಸುಯೊ ತೀರಿಕೊಂಡಳು. ನವೆಂಬರಿನಲ್ಲಿ ನಿವಾ ತಪಾಸಣೆ ಮುಗಿಸಿ ಬಂದಾಗ, ತಾದೊಕೊರೊ ಎಂದಿನಂತೆ ಅಗಲದ ಟೈರುಗಳನ್ನು ಉರುಳಿಸಿ ತಂದು, ಜಾಕು ಹಿಡಿದು ನಿಂತ. ಹೊರಗೆ ವರ್ಷದ ಮೊದಲ ಹಿಮ ಉದುರುತ್ತಿತ್ತು. "ಬಿಡೋ, ಹಾಕೋದು ಬೇಡ" ಎಂದರು ನಿವಾ. "ಹಿಮದಲ್ಲಿ ಸಿಕ್ಕೊಂಡ್ರೆ?" ಎಂದ ತಾದೊಕೊರೊ. "ಸಿಕ್ಕೊಂಡ್ರೆ ಕೂತಿರ್ತೀನಿ. ಇನ್ನು ನನಗೇನು ಅವಸರ?"