ನಾಲ್ಕು ಕೈಗಳ ಸಂಗೀತ

ಪಿಯಾನೊ ಮೇಷ್ಟ್ರ ಎರಡೂ ಕಿರುಬೆರಳುಗಳು ಮಿಕ್ಕ ಬೆರಳುಗಳಿಂದ ದೂರ ಸರಿದೇ ಇರುತ್ತಿದ್ದವು. ಕಾಫಿ ಲೋಟ ಹಿಡಿದಾಗಲೂ ಕೂಡಿಕೊಳ್ಳುತ್ತಿರಲಿಲ್ಲ. ಮೂವತ್ತು ವರ್ಷ ಅರಮನೆಯಲ್ಲಿ ನುಡಿಸಿದ ಕೈಗಳು ಅವು. ನಿವೃತ್ತರಾದ ಮೇಲೆ, ನಲವತ್ತರ ದಶಕದಲ್ಲಿ, ಮಗಳ ಮನೆಯಲ್ಲಿರಲೆಂದು ದೊಡ್ಡಬಳ್ಳಾಪುರಕ್ಕೆ ಬಂದಿದ್ದರು. ನಾನಾಗ ಅಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿ. ಯಾರೋ ಇಂಗ್ಲಿಷ್ ಅಧಿಕಾರಿ ಊರು ಬಿಡುವಾಗ ಕೊಟ್ಟ ಪಿಯಾನೊ ಶಾಲೆಯ ಹಜಾರದಲ್ಲಿತ್ತು. ಅದನ್ನು ನುಡಿಸಲು ಮೇಷ್ಟ್ರು ದಿನಾ ಸಂಜೆ ಬರುತ್ತಿದ್ದರು, ನನಗೂ ಕಲಿಸಿದರು. ತಪ್ಪಿದರೆ ಬೈಯುತ್ತಿರಲಿಲ್ಲ. "ಕೈ ಮುಂದೆ ಓಡ್ಬಾರ್ದು ತಾಯಿ, ಕಿವಿ ಜೊತೆಗೇ ಬರ್ಬೇಕು" ಎನ್ನುತ್ತಿದ್ದರು.

ಎರಡು ವರ್ಷದ ಮೇಲೆ ಒಂದು ದಿನ ಮಡಿಬಟ್ಟೆಯಲ್ಲಿ ಸುತ್ತಿದ ಸ್ವರಲಿಪಿಯ ಹಸ್ತಪ್ರತಿ ತಂದರು. ಅರಮನೆಯ ಇಬ್ಬರು ರಾಜಕುಮಾರಿಯರು ಒಂದೇ ಪಿಯಾನೊ ಮುಂದೆ ಜೊತೆಗೆ ಕೂತು ನುಡಿಸಲೆಂದು ಅವರೇ ರಚಿಸಿದ್ದು. ಎಡಪುಟ ಒಬ್ಬರಿಗೆ, ಬಲಪುಟ ಇನ್ನೊಬ್ಬರಿಗೆ. ಕಲಿಯುವ ಮೊದಲೇ ಇಬ್ಬರಿಗೂ ಮದುವೆಯಾಗಿ ಬೇರೆ ಬೇರೆ ಸಂಸ್ಥಾನಗಳಿಗೆ ಹೊರಟುಹೋದರಂತೆ.

"ನಾನು ಬರೆದದ್ದನ್ನ ನಾನೇ ಪೂರ್ತಿ ಕೇಳಿಲ್ಲ ಕಣಮ್ಮ. ಬಾ, ಎಡಗಡೆ ಕೂತ್ಕೋ."

ಒಂದು ತಿಂಗಳು ಅಭ್ಯಾಸ ಮಾಡಿ ಅರ್ಧಕ್ಕೆ ಬಂದಿದ್ದೆವು. ನನ್ನ ಮದುವೆಯ ಮಾತು ನಡೆಯುತ್ತಿತ್ತು. ಒಂದು ಬೆಳಿಗ್ಗೆ ಅಣ್ಣ ಮಗ್ಗ ನಿಲ್ಲಿಸಿ ಎದ್ದು ಬಂದ. "ಆ ಮುದುಕನ ಪಕ್ಕ ಭುಜಕ್ಕೆ ಭುಜ ತಾಗಿಸ್ಕೊಂಡು ಕೂತಿರ್ತೀಯಂತೆ. ಗಂಡಿನ ಕಡೆಯೋರ ಕಿವಿಗೆ ಬಿದ್ರೆ ಏನ್ ಗತಿ?"

ಅಷ್ಟರಲ್ಲಿ ಮಾತು ಶಾಲೆಗೂ ಮುಟ್ಟಿತ್ತು. ಮುಖ್ಯೋಪಾಧ್ಯಾಯಿನಿ ಕರೆಸಿ ಕೇಳಿದರು. ಹೆದರಿ, "ನಂಗಿಷ್ಟ ಇರ್ಲಿಲ್ಲಮ್ಮ. ಅವ್ರೇ ಬಲವಂತ ಮಾಡಿದ್ರು" ಎಂದುಬಿಟ್ಟೆ.

ಅಂದೇ ಪಿಯಾನೊಗೆ ಬೀಗ ಬಿತ್ತು. ಸಂಜೆ ಮೇಷ್ಟ್ರು ಬಂದಾಗ ಜವಾನ ಗೇಟಿನಲ್ಲೇ ತಡೆದ. ಪಕ್ಕದ ತರಗತಿಯ ಕಿಟಕಿಯ ಮರೆಯಲ್ಲಿ ನಾನು ನಿಂತಿದ್ದೆ. ಅವರು ಹಸ್ತಪ್ರತಿಯನ್ನು ಕಂಕುಳಲ್ಲಿ ಅವುಚಿಕೊಂಡು, "ಆ ಮಗು ಹುಷಾರಾಗಿದ್ದಾಳೆ ತಾನೇ?" ಎಂದಷ್ಟೇ ಕೇಳಿದರು.

ಆಮೇಲೆ ಪೇಟೆಯಲ್ಲಿ ಅವರು ಕಂಡರೆ ನಾನು ಬೇರೆ ಬೀದಿ ಹಿಡಿಯುತ್ತಿದ್ದೆ. ನನ್ನ ಮದುವೆ ಸುಸೂತ್ರವಾಗಿ ನಡೆಯಿತು. ಮರುವರ್ಷ ಅವರು ತೀರಿಕೊಂಡರು.

ಹದಿಮೂರನೆಯ ದಿನ ನಾನು ಅವರ ಮನೆಗೆ ಹೋದಾಗ ಅವರ ಮಗಳು ಹಸ್ತಪ್ರತಿಯನ್ನು ನನ್ನ ಮುಂದಿಟ್ಟಳು. "ನಿಮಗೇ ಕೊಡು ಅಂದಿದ್ರು ಅಪ್ಪ. 'ಎಡಗಡೇದು ಅವಳಿಗೆ ಚೆನ್ನಾಗಿ ಬರುತ್ತೆ' ಅಂತಿದ್ರು." ಆಮೇಲೆ ಕೇಳಿದಳು: "ಅವತ್ತು ಶಾಲೇಲಿ ಅಪ್ಪನ್ನ ಯಾಕೆ ಬರ್ಬೇಡ ಅಂದ್ರು ಅಂತ ನಿಮಗೇನಾದ್ರೂ ಗೊತ್ತಾ, ಟೀಚರಮ್ಮ?"

"ಗೊತ್ತಿಲ್ಲಮ್ಮ" ಎಂದೆ. ಹಾಗಂದು, ಎರಡೂ ಕೈ ಚಾಚಿ ಹಸ್ತಪ್ರತಿಯನ್ನು ತೆಗೆದುಕೊಂಡೆ.