ನಲವತ್ತೊಂದನೇ ನಿಯಮ ತಪ್ಪಿಹೋದ ಸೋಮವಾರ

ಸೋಮವಾರ, ಬೆಳಗಿನ ಐದೂವರೆ. ಅಡುಗೆಮನೆಯ ಮೇಜಿನ ಮೇಲೆ ಹಳೆಯ ಲ್ಯಾಪ್‌ಟಾಪ್ ಗುರುಗುಡುತ್ತಿದೆ. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಅಕ್ಕ ಪರದೆಯ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಓದುತ್ತಿದ್ದಾರೆ. ಇದ್ದಕ್ಕಿದ್ದಂತೆ ಬೆರಳು ನಿಲ್ಲುತ್ತದೆ.

"ಅಯ್ಯಯ್ಯೋ, ನಲವತ್ತೊಂದು ಎಲ್ಲಿ ಹೋಯ್ತು?"

ಇದೊಂದು ವಿಚಿತ್ರ ಆಟ. ಕಾಯಿಲ್ಲ, ದಾಳವಿಲ್ಲ, ಎಲ್ಲವೂ ಇಮೇಲ್‌ನಲ್ಲೇ. ನಿಯಮ ಮಾಡುವುದು, ಮುರಿದು ಕಟ್ಟುವುದು, ಅದೇ ಆಟ. ಹತ್ತೊಂಬತ್ತು ವರ್ಷದಿಂದ ನಡೆದಿದೆ. ಇಪ್ಪತ್ಮೂರು ಜನ, ನೂರ ಹದಿನಾಲ್ಕು ನಿಯಮ. ಮತ ಎಣಿಸಲು ಮತಗಣಕ, ಜಗಳ ಬಿಡಿಸಲು ತೀರ್ಪುಗಾರ. ಸೋಮವಾರ ಆರು ಗಂಟೆಗೆ ಸರಿಯಾಗಿ ಎಲ್ಲ ನಿಯಮಗಳ ಪ್ರತಿ ಕಳಿಸಲು ನಿಯಮಪಾಲಕಿ. ಹನ್ನೊಂದು ವರ್ಷದಿಂದ ಈ ಹುದ್ದೆ ಅಕ್ಕನ ಕೊರಳಿಗೇ ಬಿದ್ದಿದೆ. ಚುನಾವಣೆಯಲ್ಲಿ ಎದುರು ನಿಲ್ಲುವವರೇ ಇಲ್ಲ.

"ನಿಯಮ ಮಾಡೋಕೆ ಎಲ್ರೂ ಮುಂದೆ. ಬರ್ದಿಡೋಕೆ ಒಬ್ರೂ ಬರಲ್ಲ. ಬರ್ದಿದ್ದನ್ನ ಯಾರೂ ಓದೋದೂ ಇಲ್ಲ ಬಿಡಿ," ಎನ್ನುತ್ತಾರೆ.

ಬರೆಯುವುದಕ್ಕೂ ಕಟ್ಟುಪಾಡಿದೆ. ಯಾರ ಪತ್ರವೇ ಆಗಲಿ, ಸಾಲಿಗೆ ಎಪ್ಪತ್ತು ಅಕ್ಷರ ದಾಟುವಂತಿಲ್ಲ. ಹೊಸ ಮಾತಿನ ಎರಡೂ ಬದಿಗೆ ನಕ್ಷತ್ರ. ರದ್ದಾದ ನಿಯಮ ಒಂದು ವಾರ ಚೌಕ ಕಂಸದೊಳಗೆ ಕೂತಿದ್ದು, ಮುಂದಿನ ವಾರ ಕತ್ತರಿಗೆ ಬೀಳಬೇಕು. ತಪ್ಪಿದವರಿಗೆ ಒಂದಂಕ ಕಡಿತ, ಕಳೆಯುವುದೂ ಅಕ್ಕನ ಕೆಲಸವೇ. ಈ ಕಡಿತದಲ್ಲಿ ಸದಾ ಮೊದಲಿಗ, ಎಲ್ಲೋ ಹಡಗಿನಲ್ಲಿರುವ ಒಬ್ಬ ಅಡುಗೆಯವ.

ಕಳೆದ ವಾರ ನಲವತ್ತನೇ ನಿಯಮ ಕತ್ತರಿಸುವಾಗ ಅಕ್ಕನ ಕೈ ತುಸು ಮುಂದೆ ಹೋಗಿ ನಲವತ್ತೊಂದೂ ಹಾರಿಹೋಗಿದೆ. ಹೊಸ ನಿಯಮ ಮಾಡುವುದು ಹೇಗೆಂದು ಹೇಳುವುದೇ ಅದು! ಕಳಿಸಿದ ಪ್ರತಿಗೆ ಏಳು ದಿನದೊಳಗೆ ಯಾರೂ ಸಂದೇಹ ಎತ್ತದಿದ್ದರೆ, ತಪ್ಪಿದ್ದರೂ ಅದೇ ಖಾಯಂ. ಕಳಿಸಿದವರೇ ಸಂದೇಹ ಎತ್ತುವಂತಿಲ್ಲ. ಇವತ್ತು ಆರು ಹೊಡೆದರೆ ಕಳೆದ ಸೋಮವಾರದ ಪ್ರತಿಗೆ ಏಳು ದಿನ ತುಂಬುತ್ತದೆ; ಆಮೇಲೆ ಯಾವ ನಿಯಮವನ್ನೂ ಮಾಡಲಾಗದು, ಹೋದದ್ದನ್ನು ತರಲೂ ಆಗದು. ಆಟ ಅಲ್ಲಿಗೆ ಸತ್ತಂತೆಯೇ.

ಬಿಸಿನೀರಿಗೆ ಬಂದ ಅತ್ತೆ ಸೊಸೆಯ ಮುಖ ನೋಡುತ್ತಾರೆ. "ಏನಾಯ್ತೇ?"

"ಹತ್ತೊಂಬತ್ತು ವರ್ಷದ ಆಟಾನ ನನ್ನ ಕೈಯಾರೆ ಕೊಂದೆ, ಅತ್ತೆ."

"ಅದ್ರಲ್ಲಿ ಗೆದ್ದೋರು ಯಾರು?"

"ಇನ್ನೂ ಯಾರೂ ಗೆದ್ದಿಲ್ಲ."

"ಹಂಗಾದ್ರೆ ಸೋತೋರೂ ಇಲ್ವಲ್ಲ, ಅಳೋದ್ಯಾಕೆ?"

ಅಕ್ಕನಿಗೆ ನಗು ಬರುವುದಿಲ್ಲ. 'ಯಾರಾದರೂ ಎದ್ದಿದ್ದೀರಾ?' ಎಂದು ಎಲ್ಲರಿಗೂ ಟೈಪಿಸುತ್ತಾರೆ. ಕಳಿಸುವ ಮೊದಲೇ, ಐದು ಐವತ್ತೆರಡಕ್ಕೆ, ಒಂದು ಪತ್ರ ಬಂದು ಬೀಳುತ್ತದೆ. ಹಡಗಿನ ಅಡುಗೆಯವನದು.

"ನಲವತ್ತೊಂದನೇ ನಿಯಮ ಕಾಣ್ತಿಲ್ಲ. ಪ್ರತಿ ವಾರ ಕೊನೇ ಸಾಲಿನ ತನಕ ಓದೋನು ನಾನು, ನಿಮ್ಮಿಂದ ತಪ್ಪಾಗಿದ್ದು ನೋಡೇ ಇಲ್ಲ. ನನ್ನ ಕಣ್ಣೇ ಸರಿಯಿಲ್ಲ ಅಂತ ವಾರವೆಲ್ಲ ಸುಮ್ಮನಿದ್ದೆ. ಆದ್ರೂ ಸಂದೇಹ ಎತ್ತುತ್ತಿದ್ದೀನಿ, ಕ್ಷಮಿಸಿ."

ಅಬ್ಬಾ! ಹೋದ ಜೀವ ಬಂದಂತಾಗುತ್ತದೆ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಅಳುತ್ತಲೇ ನಗುತ್ತ, ನಲವತ್ತೊಂದನ್ನು ಅದರ ಜಾಗದಲ್ಲಿ ಕೂರಿಸುತ್ತಾರೆ. ಆರಕ್ಕೆ ಸರಿಯಾಗಿ ಹೊಸ ಪ್ರತಿ ಹೊರಡುತ್ತದೆ.

"ಹನ್ನೊಂದು ವರ್ಷ ಗೋಡೆಗೆ ಹೇಳ್ತಿದ್ದೀನಿ ಅಂದ್ಕೊಂಡಿದ್ದೆ. ಒಬ್ಬ ಓದ್ತಿದ್ದ ನೋಡಿ! ಇನ್ನೇನು ಬೇಕು ನನಗೆ?"

ಅಂಗಡಿಗೆ ಹೊರಡುವ ಮುನ್ನ ಅವನ ಪತ್ರವನ್ನು ಮತ್ತೊಮ್ಮೆ ತೆರೆದು, ಬೆರಳಿಟ್ಟು ಎಣಿಸುತ್ತಾರೆ.

"ಒಂದು ಸಾಲು ಎಂಬತ್ತೆರಡು ಅಕ್ಷರಕ್ಕೆ ಹೋಗಿದೆ. ಒಂದಂಕ ಕಳೆದೆ. ಬಿಟ್ಟಿದ್ರೆ, ನಾನು ಓದೇ ಇಲ್ಲ ಅಂದ್ಕೊಳ್ತಿದ್ದ."