ಹಸಿ ಸೌದೆಯ ಹೊಗೆ

ನಿಂಗ, ಆ ತಂಬಾಕಿನ ಬ್ಯಾರನ್ನಿಗೆ ಸೌದೆ ಹಾಕು ಎಂದು ನಿನಗೆ ಹೇಳಿದವನು ನಾನು. ಹಾಕಿದ್ದಕ್ಕೆ ನಿನ್ನನ್ನು ದ್ರೋಹಿ ಎಂದು ನಮ್ಮ ಕೂಲಿಕಾರರ ಸಂಘದಿಂದ ಹೊರಗೆ ಹಾಕಿದವನೂ ನಾನೇ. ಈ ಎರಡು ಮಾತನ್ನು ಒಟ್ಟಿಗೆ ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು — ಬದುಕೆಲ್ಲ ಮೈಕಿನ ಮುಂದೆಯೇ ಕಳೆದವನಿಗೆ.

ಹುಣಸೂರಿನ ಪ್ರವಾಸಿ ಮಂದಿರದಲ್ಲಿ ಕೂತು ಬರೆಯುತ್ತಿದ್ದೇನೆ. ಕೂತು ಎಂದದ್ದೂ ಸುಳ್ಳೇ. ಒಂದೆರಡು ಸಾಲು ಬರೆಯುತ್ತೇನೆ, ಏಳುತ್ತೇನೆ, ಕಿಟಕಿಯ ತನಕ ಹೋಗಿ ಮತ್ತೆ ಬರುತ್ತೇನೆ. ನಾಳೆ ನಮ್ಮ ಸಂಘದ ಹೊಸ ಕಟ್ಟಡದ ಉದ್ಘಾಟನೆ. ಮಂತ್ರಿಗಳೇ ಟೇಪು ಕತ್ತರಿಸಬೇಕಂತೆ. ಆ ಮಂತ್ರಿಯೂ ನಾನೇ ನೋಡು.

ತಂಬಾಕಿನ ಎಲೆಯನ್ನು ಬೆಂಕಿಯ ಕಾವಿನಲ್ಲಿ ಹದ ಮಾಡುವ ಮನೆ, ಆ ಬ್ಯಾರನ್ನಿನ ಸಂಗತಿ ನಿನಗೆ ನಾನು ಹೇಳಬೇಕಾಗಿಲ್ಲ. ಆದರೆ ಇದನ್ನು ಬೇರೆಯವರೂ ಓದಲಿ ಎಂಬ ಆಸೆ ನನಗಿದೆ. ಎಲೆ ಒಳಗೆ ತೂಗುಹಾಕಿದ ಮೇಲೆ ಬೆಂಕಿ ಆರುವಂತಿಲ್ಲ. ಬಣ್ಣ ಬರುವ ಹೊತ್ತಿಗೆ ಆರಿತೋ, ಹಳದಿಯಾಗಬೇಕಾದ ಎಲೆ ಕರಿ ತಿರುಗಿ ತಿಪ್ಪೆ ಸೇರುತ್ತದೆ. ಬೆಂಕಿ ಹಾಕುವ ಕೂಲಿಗಳಾದ ನಾವು ಅದಕ್ಕೇ ಆ ಹೊತ್ತು ನೋಡಿ ಮುಷ್ಕರ ಹೂಡಿದೆವು. ಕೂಲಿ ಏರಿಸುವ ತನಕ ಯಾರ ಬ್ಯಾರನ್ನಿಗೂ ಒಂದು ತುಂಡು ಸೌದೆ ಬೀಳಬಾರದು. ಕೈ ಎತ್ತಿಸಿ ಆಣೆ ಮಾಡಿಸಿದವನು ನಾನು.

ಮನೆಗೆ ಬಂದರೆ ನನ್ನ ಹೆಂಡತಿ ಅಳುತ್ತಿದ್ದಳು. ಅವಳ ಅಪ್ಪನ ಬ್ಯಾರನ್ನಿನಲ್ಲಿ ಎಲೆಗೆ ಆಗಷ್ಟೇ ಬಣ್ಣ ಬರುತ್ತಿತ್ತು. ಅವಳನ್ನು ಗದರಿದೆ. ಗದರಿ, ಅಂಗಳ ದಾಟಿ — ನೇರ ನಿನ್ನ ಹತ್ತಿರ ಬಂದೆ. ನಾಳೆ ಎಲ್ಲರೂ ಬೆಟ್ಟದಪುರದ ಸಭೆಯಲ್ಲಿರುತ್ತಾರೆ, ಆಗ ಹೋಗಿ ನಮ್ಮ ಮಾವನ ಬ್ಯಾರನ್ನು ಉಳಿಸಿಕೊಡು ಎಂದೆ.

"ನೀನು ಏಳ್ತಿದ್ದೀಯ ಅಂತ ಆಕ್ತೀನಿ ಕಣ್ಲಾ" ಎಂದೆ ನೀನು.

ಮಾವನ ಜಿಪುಣತನ ನನಗೆ ಗೊತ್ತಿರಬೇಕಿತ್ತು. ಒಣ ಸೌದೆಯನ್ನು ಮಾರಲು ಎತ್ತಿಟ್ಟು ನಿನಗೆ ಹಸಿ ಸೌದೆ ಕೊಟ್ಟಿದ್ದ. ಮರುದಿನ ನಾನು ಬೆಟ್ಟದಪುರದ ಬೆಟ್ಟದ ಬುಡದಲ್ಲಿ ನಿಂತು ಒಗ್ಗಟ್ಟಿನ ಮೇಲೆ ಭಾಷಣ ಬಿಗಿಯುತ್ತಿದ್ದಾಗ ಜನ ಒಬ್ಬೊಬ್ಬರಾಗಿ ನನ್ನ ಹೆಗಲಾಚೆ ನೋಡತೊಡಗಿದರು. ತಿರುಗಿದೆ. ಎಲ್ಲ ಚಿಮಣಿಗಳೂ ಖಾಲಿ, ಒಂದರಲ್ಲಿ ಮಾತ್ರ ಹಸಿ ಸೌದೆಯ ದಟ್ಟ ಬಿಳಿ ಹೊಗೆ.

ನಿನ್ನನ್ನು ರಟ್ಟೆ ಹಿಡಿದು ಎಳೆದುತಂದರು. ಯಾರು ಹೇಳಿದರು ಎಂದು ಕೇಳಿದವನೂ ನಾನೇ. ನಾನೇ ಕೇಳಿದೆ, ಎಲ್ಲರ ಎದುರಿಗೆ, ಗಟ್ಟಿ ದನಿಯಲ್ಲಿ.

"ಯಾರೂ ಏಳ್ಲಿಲ್ಲ. ನಾನೇ ಆಕ್ದೆ" ಎಂದೆ ನೀನು.

ಇನ್ನು ಮುಂದೆ ಇವನ ಪಕ್ಕದಲ್ಲಿ ನಿಂತು ಯಾರೂ ಕೆಲಸ ಮಾಡಬಾರದು ಎಂದೆ ನಾನು. ಸ್ವಂತ ಮಾವನ ಬ್ಯಾರನ್ನಾದರೂ ಬಿಡಲಿಲ್ಲ, ಜೊತೆಗೆ ಬೆಳೆದ ಗೆಳೆಯನನ್ನೂ ಬಿಡಲಿಲ್ಲ — ಆ ಮಾತು ಕೆ.ಆರ್. ನಗರದ ತನಕ ಹಬ್ಬಿತು. ಮುಷ್ಕರ ಗೆದ್ದಿತು. ನನ್ನನ್ನು ಹುಡುಕಿಕೊಂಡು ಪಕ್ಷದವರು ಬಂದರು, ಟಿಕೆಟ್ಟು ಬಂತು, ಆಮೇಲೆ ಕೆಂಪು ಗೂಟದ ಕಾರೂ ಬಂತು. ನಿನಗೆ ಯಾರೂ ಕೆಲಸ ಕೊಡಲಿಲ್ಲ. ಎಲೆ ಮುರಿಯುವ ಹೆಂಗಸರು ನಿನ್ನ ಹೆಂಡತಿಯ ಪಕ್ಕದ ಸಾಲನ್ನು ಖಾಲಿ ಬಿಡುತ್ತಿದ್ದರಂತೆ. ನಿಮ್ಮ ಮಗಳ ಮದುವೆಯ ಊಟಕ್ಕೆ ಊರಿನವರು ಒಬ್ಬರೂ ಕೂರಲಿಲ್ಲವಂತೆ. ಎಲ್ಲವೂ ನನ್ನ ಕಿವಿಗೆ ಬೀಳುತ್ತಿತ್ತು. ಚುನಾವಣೆ ಮುಗಿಯಲಿ ಎಂದುಕೊಳ್ಳುತ್ತಿದ್ದೆ. ಮುಗಿದ ಮೇಲೆ ಇನ್ನೊಂದು ಚುನಾವಣೆ ಇರುತ್ತಿತ್ತು. ಅಷ್ಟರಲ್ಲಿ ನೀವು ಊರು ಬಿಟ್ಟು ಸರಗೂರಿನ ಕಡೆ ಶುಂಠಿ ಕೆಲಸಕ್ಕೆ ಹೋಗಿದ್ದಿರಿ.

ಮೊನ್ನೆ ಸರಗೂರಿನ ದಾರಿಯ ಹ್ಯಾಂಡ್‌ಪೋಸ್ಟಿನಲ್ಲಿ ನೀನು ಬಸ್ಸಿಗೆ ನಿಂತದ್ದು ಕಾರಿನೊಳಗಿಂದ ಕಂಡಿತು. ಇಳಿದು ಬಂದೆ. ನೀನು ಕೈ ಮುಗಿದೆ.

"ಚೆನ್ನಾಗಿದ್ದೀರಾ ಸಾರ್?"

ಆ 'ಸಾರ್' ನನಗೆ ತಡೆಯಲಾಗಲಿಲ್ಲ. ಪೊಲೀಸಿನವರನ್ನು ದೂರ ನಿಲ್ಲಿಸಿ ಕೇಳಿದೆ: ಅವತ್ತು ನನ್ನ ಹೆಸರು ಯಾಕೆ ಹೇಳಲಿಲ್ಲ?

"ಬುಡಿ ಸಾರ್, ಅದ್ಯಾಕೆ ಈಗ" ಎಂದು ನೀನು ಬಸ್ಸು ಬರುವ ದಿಕ್ಕನ್ನೇ ನೋಡಿದೆ. ಆಮೇಲೆ ದನಿ ಇಳಿಸಿ, "ನಿನ್ನೆಸ್ರು ಏಳಿದ್ರೆ ಸ್ಟ್ರೈಕು ಮುರ್ದೋಗದು ಕಣ್ಲಾ. ಜನ ನಿನ್ನ ನಂಬ್ಕಂಡಿದ್ರು. ಗೆದ್ಮೇಲಾದ್ರೂ ನೀನೇ ಏಳ್ತೀಯ ಅಂದ್ಕಂಡಿದ್ದೆ" ಎಂದೆ.

ಬಸ್ಸು ಬಂತು. ನಾಳೆಯ ಸಮಾರಂಭಕ್ಕೆ ಕಾರು ಕಳಿಸುತ್ತೇನೆ ಎಂದೆ ನಾನು. "ಬಂದ್ರೆ ಬಸ್ಸಲ್ಲೇ ಬತ್ತೀನಿ" ಎಂದು ನೀನು ಹತ್ತಿಬಿಟ್ಟೆ.

ಮೊನ್ನೆಯಿಂದ ನಿದ್ದೆ ಸರಿಯಿಲ್ಲ. ನಾಳೆಯ ಭಾಷಣವನ್ನು ನನ್ನ ಆಪ್ತ ಸಹಾಯಕರು ಟೈಪು ಮಾಡಿಸಿ ತಂದಿಟ್ಟಿದ್ದಾರೆ. ಅದರಲ್ಲೂ ಅದೇ ಕಥೆ, ಗೆಳೆಯನನ್ನೂ ಬಿಡದ ನಾಯಕನ ಕಥೆ. ನಿಜ ಹೇಳಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕುತ್ತೇನೆ — ಕುರ್ಚಿ ಹೋಗಬಹುದು, ಸಂಘದವರು ಮುಖಕ್ಕೆ ಉಗಿಯಬಹುದು. ನೋಡು, ಈಗಲೂ ನನ್ನ ಲೆಕ್ಕವನ್ನೇ ಹಾಕುತ್ತಿದ್ದೇನೆ. ನನ್ನ ಮೇಲೆ ನನಗೇ ಹೇಸಿಗೆ.

ಸ್ವಲ್ಪ ಹೊತ್ತಿನ ಹಿಂದೆ, ಬಾಯಿಗೆ ರೂಢಿಯಾಗಲಿ ಎಂದು, ಮುಚ್ಚಿದ ಬಾಗಿಲಿಗೆ ಗಟ್ಟಿಯಾಗಿ ಹೇಳಿದೆ: ಆ ಸೌದೆ ಹಾಕಿಸಿದವನು ನಾನು. ಹೊರಗಿನಿಂದ ಸಹಾಯಕರು, "ಕರೆದ್ರಾ ಸಾರ್?" ಎಂದರು.

"ಏನಿಲ್ಲ" ಎಂದೆ.

ಎಷ್ಟು ಸಲೀಸಾಗಿ ಬಂತು ನಿಂಗ, ಆ 'ಏನಿಲ್ಲ'. ಇಷ್ಟು ವರ್ಷ ಅದೇ ತಾನೆ ಹೇಳಿಕೊಂಡು ಬಂದದ್ದು. ಎದ್ದು ಬಾಗಿಲು ತೆಗೆದೆ. ಅವರನ್ನು ಒಳಗೆ ಕೂರಿಸಿ, ಮೊದಲಿನಿಂದ ಎಲ್ಲವನ್ನೂ ಹೇಳಿದೆ. ಅವರು ಮೇಜಿನ ಮೇಲಿದ್ದ ಭಾಷಣದ ಹಾಳೆಗಳನ್ನು ಕೈಗೆತ್ತಿಕೊಂಡರು.

"ಭಾಷಣದಲ್ಲಿ ಆ ಭಾಗ ತೆಗೆದುಬಿಡ್ಲಾ ಸಾರ್?" ಎಂದರು.

ಬೇಡ ಎಂದೆ. ಅದನ್ನು ಓದಿ, ಇದು ಸುಳ್ಳು ಎಂದು ಅಲ್ಲೇ ಹೇಳುತ್ತೇನೆ. ನೀನು ಬಸ್ಸು ಹತ್ತಿ ಬರದಿದ್ದರೂ ಹೇಳುತ್ತೇನೆ.